ಪೊವಾಯಿಗೆ ಬಂದ ಸೋವಿಯತ್ ಮೇಷ್ಟ್ರುಗಳು



ಎಂ.ಟೆಕ್. ಓದಲು ಧಾರವಾಡದಿಂದ ಮುಂಬಯಿಯ ಪೊವಾಯಿಗೆ ಹೊರಟಾಗ ನನಗೆ ಇಪ್ಪತ್ತೆರಡು ವರ್ಷ. "ಹುಡುಗಿಗೆ ಇಷ್ಟು ಓದು ಸಾಲದೇನು?" ಎಂದು ಕೇಳಿದವರಿಗೆ ಅಮ್ಮ ಉತ್ತರ ಕೊಡಲಿಲ್ಲ, ಸುಮ್ಮನೆ ನನ್ನ ಪೆಟ್ಟಿಗೆ ಕಟ್ಟಿದಳು. ನಾನು ಓದಿದ ಐಐಟಿಯ ಬುನಾದಿಯಲ್ಲಿ ಹೊರದೇಶದವರ ಕೈಗಳೂ ಇದ್ದವು ಎಂಬುದು ನನಗೆ ತಿಳಿದದ್ದು ಆಮೇಲೆ.

ಸ್ವಾತಂತ್ರ್ಯ ಹತ್ತಿರವಾಗುತ್ತಿದ್ದ ಕಾಲದಲ್ಲಿ ನಳಿನಿ ರಂಜನ್ ಸರ್ಕಾರ್ ಸಮಿತಿಯು ದೇಶದ ನಾಲ್ಕು ದಿಕ್ಕುಗಳಲ್ಲೂ ಉನ್ನತ ತಾಂತ್ರಿಕ ಸಂಸ್ಥೆಗಳು ಬೇಕೆಂದು ಶಿಫಾರಸು ಮಾಡಿತು. 1951ರಲ್ಲಿ ಖರಗ್‌ಪುರದಲ್ಲಿ ಮೊದಲನೆಯದು ಆರಂಭವಾಯಿತು. ಮುಂದಿನವುಗಳಿಗೆ ಯಂತ್ರೋಪಕರಣ ಬೇಕು, ಕಲಿಸುವವರು ಬೇಕು. ವಿದೇಶಿ ವಿನಿಮಯಕ್ಕೋ ಬರ. ಆಗ ನೆರವಿಗೆ ಬಂದವರು ಯಾರು ನೋಡಿ: ಮುಂಬಯಿಗೆ ಯುನೆಸ್ಕೋ ಮೂಲಕ ಸೋವಿಯತ್ ಒಕ್ಕೂಟ, ಮದ್ರಾಸಿಗೆ ಪಶ್ಚಿಮ ಜರ್ಮನಿ, ಕಾನ್ಪುರಕ್ಕೆ ಅಮೆರಿಕದ ಒಂಬತ್ತು ವಿಶ್ವವಿದ್ಯಾಲಯಗಳು, ದೆಹಲಿಗೆ ಬ್ರಿಟನ್. ಶೀತಲ ಸಮರದ ಎದುರಾಳಿಗಳೆಲ್ಲ ನಮ್ಮ ಅಂಗಳದಲ್ಲಿ ಶಾಲೆ ಕಟ್ಟಿದರು! ಅವರಿಗೂ ಅವರದೇ ಲೆಕ್ಕಾಚಾರವಿತ್ತು, ನಿಜ. ಆದರೆ ಒಬ್ಬರ ಮೇಲೇ ಅವಲಂಬಿಸದೆ ಎಲ್ಲರಿಂದಲೂ ಕಲಿತದ್ದು ನಮ್ಮವರ ಜಾಣ್ಮೆ.

ಮುಂಬಯಿ ಐಐಟಿ 1958ರಲ್ಲಿ ವರ್ಲಿಯ ತಾತ್ಕಾಲಿಕ ಕಟ್ಟಡವೊಂದರಲ್ಲಿ 100 ವಿದ್ಯಾರ್ಥಿಗಳೊಂದಿಗೆ ಶುರುವಾಯಿತು. 1959ರ ಮಾರ್ಚ್ 10ರಂದು ನೆಹರೂ ಪೊವಾಯಿಯಲ್ಲಿ ಶಂಕುಸ್ಥಾಪನೆ ಮಾಡಿದರು. 1973ರವರೆಗೆ ಸೋವಿಯತ್ ಒಕ್ಕೂಟದಿಂದ 59 ತಜ್ಞರು, 14 ತಂತ್ರಜ್ಞರು ಬಂದು ಹೋದರು. ಯಂತ್ರೋಪಕರಣಗಳೂ ಬಂದವು.

ನನ್ನ ಮನಸ್ಸಿನಲ್ಲಿ ನಿಂತದ್ದು ಮಾತ್ರ ಇನ್ನೊಂದು ಸಂಖ್ಯೆ: 27. ಅಷ್ಟು ಫೆಲೋಶಿಪ್‌ಗಳು ನಮ್ಮ ಅಧ್ಯಾಪಕರಿಗೆ ಸೋವಿಯತ್ ದೇಶದಲ್ಲಿ ತರಬೇತಿ ಪಡೆಯಲು ಸಿಕ್ಕವು. ಐಟಿಯವಳಾದ ನನಗೆ ಗೊತ್ತು, ಯಂತ್ರ ಕೆಲವೇ ವರ್ಷಗಳಲ್ಲಿ ಹಳತಾಗುತ್ತದೆ. ಕಲಿತು ಬಂದ ಮೇಷ್ಟ್ರು ಹಾಗಲ್ಲ. ಅವರ ಶಿಷ್ಯರು, ಶಿಷ್ಯರ ಶಿಷ್ಯರು ಎಂದು ಸಾಲು ಬೆಳೆಯುತ್ತದೆ. ಹೊರಗಿನ ತಜ್ಞರು ಊರಿಗೆ ಮರಳಿದರೂ ಸಂಸ್ಥೆ ನಿಲ್ಲಲಿಲ್ಲ. ಕೊಟ್ಟವರು ಹೋದ ಮೇಲೂ ಪಡೆದವರು ನಡೆಸಿಕೊಂಡು ಹೋಗುವಂತಿದ್ದರೆ ಅದೇ ಒಳ್ಳೆಯ ನೆರವು. ಆ ಸಾಲಿನ ಕೊನೆಯಲ್ಲೆಲ್ಲೋ ಪೆಟ್ಟಿಗೆ ಹಿಡಿದು ಬಂದ ನಾನೂ ಇದ್ದೇನೆ.

ಇದನ್ನು ಇಲ್ಲಿ ಬರೆಯಲು ಕಾರಣವಿದೆ. ಹೊರನಾಡಿನಲ್ಲಿ ನಮ್ಮ ಮಕ್ಕಳ ಕನ್ನಡ ತರಗತಿಗಳು ಸಾಮಾನ್ಯವಾಗಿ ಒಬ್ಬ ಉತ್ಸಾಹಿ ಟೀಚರ್ ಮೇಲೆ ನಿಂತಿರುತ್ತವೆ. ಅವರಿಗೆ ವರ್ಗವಾದರೆ ತರಗತಿಗೆ ಬೀಗ. ಹಿಂದೆ ನಾನಿದ್ದ ಬಡಾವಣೆಯಲ್ಲೇ ಹೀಗಾಗಿದೆ. ಪುಸ್ತಕ, ಪ್ರೊಜೆಕ್ಟರ್ ಕೊಳ್ಳುವ ಜೊತೆಗೆ ಕಲಿಸಬಲ್ಲ ಇನ್ನಿಬ್ಬರನ್ನು ತಯಾರು ಮಾಡೋಣ. ಭಾನುವಾರ ಬೆಳಿಗ್ಗೆ ಒಂದು ಗಂಟೆ ಕೊಡಲು ನಾನು ಸಿದ್ಧ. ನೀವೂ ಬರುತ್ತೀರಲ್ಲವೇ?