ಮೂಗರ್ಜಿ ಬರೆದವರಾರು?

ಸರ್ಕಾರಿ ನೌಕರಿಯಲ್ಲಿ ಇದ್ದವರಿಗೆಲ್ಲ ಮೂಗರ್ಜಿ ಎಂಬ ಮಾತು ಚೆನ್ನಾಗಿ ಗೊತ್ತು. ಹೆಸರಿಲ್ಲದ, ರುಜುವಿಲ್ಲದ ದೂರು ಅದು. ಬರೆಯುವವರು ಅಕ್ಷರ ಗುರುತು ಸಿಗಬಾರದೆಂದು ಎಡಗೈಯಲ್ಲಿ ಬರೆಯುತ್ತಿದ್ದರು, ಇಲ್ಲವೇ ಮಕ್ಕಳ ಕೈಯಲ್ಲಿ ಬರೆಸುತ್ತಿದ್ದರು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಶಾಲೆಯ ಹೆಡ್ ಮಾಸ್ತರ ಮೇಲೆ ಇಂಥದೊಂದು ಅರ್ಜಿ ಹೋಯಿತು. ಲಕೋಟೆಯ ಮೇಲಿನ ಅಂಚೆ ಮುದ್ರೆ ಚನ್ನರಾಯಪಟ್ಟಣದ್ದು. ಅಲ್ಲಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದವರು ಒಬ್ಬರೇ ಮೇಡಂ. ಅಷ್ಟು ಸಾಕಾಯಿತು. ಯಾರೂ ಅವರನ್ನು ಬಾಯಿಬಿಟ್ಟು ಕೇಳಲಿಲ್ಲ, ಮಾತು ಬಿಟ್ಟರು. ವರ್ಷ ತುಂಬುವುದರೊಳಗೆ ಅವರೇ ವರ್ಗ ಮಾಡಿಸಿಕೊಂಡು ಹೋದರು. ಬರೆದವರು ಯಾರೆಂಬುದು ಇಂದಿಗೂ ತಿಳಿದಿಲ್ಲ. ಕಾಗದ ಯಾವ ಊರಿನ ಡಬ್ಬಿಗೆ ಬಿತ್ತು ಎಂಬುದನ್ನು ಮುದ್ರೆ ಹೇಳೀತು. ಹಾಕಿದ ಕೈ ಯಾರದೆಂದು ಅದು ಹೇಗೆ ಹೇಳೀತು?

ಈಗ ಮೂಗರ್ಜಿಯ ಜಾಗಕ್ಕೆ ಕಂಪ್ಯೂಟರ್ ಬಂದಿದೆ. ಸರ್ಕಾರದ ಖಜಾನೆಗೆ ಕನ್ನ ಹಾಕುವವನೂ, ಹೆಸರು ಮರೆಸಿಕೊಂಡು ಬಯ್ಯುವವನೂ ಅದರ ಹಿಂದೆಯೇ ಕೂತಿರುತ್ತಾರೆ. ಇಂಥವರನ್ನು ಹಿಡಿಯುವುದು ಎಷ್ಟು ಕಷ್ಟ ಎಂಬುದಕ್ಕೆ ಈಗಾಗಲೇ ಒಂದು ಚರಿತ್ರೆಯೇ ಇದೆ.

ಅದರ ಮೊದಲ ಅಧ್ಯಾಯ ಅಮೆರಿಕದ ಬರ್ಕ್‌ಲಿಯದು. 1986ರಲ್ಲಿ ಅಲ್ಲಿನ ಲಾರೆನ್ಸ್ ಪ್ರಯೋಗಾಲಯದ ಕಂಪ್ಯೂಟರ್ ಲೆಕ್ಕದಲ್ಲಿ 75 ಸೆಂಟು ತಾಳೆಯಾಗಲಿಲ್ಲ. ಒಂದು ಡಾಲರಿಗೂ ಕಡಿಮೆ! ಕ್ಲಿಫರ್ಡ್ ಸ್ಟಾಲ್ ಎಂಬ ಖಗೋಳಶಾಸ್ತ್ರಜ್ಞ ಅದನ್ನು ಬಿಡದೆ ಬೆನ್ನು ಹತ್ತಿದ. ಹೊರಗಿನವನೊಬ್ಬ ಒಳಗೆ ನುಗ್ಗಿ, ಅಲ್ಲಿಂದ ಸೈನ್ಯದ ಕಂಪ್ಯೂಟರುಗಳನ್ನು ತಡಕುತ್ತಿದ್ದ. ಅವನ ಜಾಡು ಜರ್ಮನಿಯವರೆಗೆ ಹೋಯಿತು. ಅಲ್ಲಿನ ಹಳೆಯ ಟೆಲಿಫೋನ್ ಕೇಂದ್ರಗಳಲ್ಲಿ ಕರೆ ಎಲ್ಲಿಂದ ಬಂತೆಂದು ಕೈಯಿಂದಲೇ ಹುಡುಕಬೇಕು. ಅಷ್ಟರಲ್ಲಿ ಅವನು ಫೋನ್ ಇಟ್ಟುಬಿಡುತ್ತಿದ್ದ. ಆಗ ಉಪಾಯ ಹೇಳಿದವಳು ಸ್ಟಾಲ್‌ನ ಗೆಳತಿ. ಅವನಿಗೆ ಬೇಕಾದಂಥ ಸುಳ್ಳು ಕಡತಗಳನ್ನು ತಯಾರಿಸಿಟ್ಟರೆ ಓದುತ್ತ ಕೂರುತ್ತಾನೆ ಎಂದಳು. ಕೂತ, ಸಿಕ್ಕಿಬಿದ್ದ. ಹ್ಯಾನೋವರ್ ನಗರದ ಮಾರ್ಕಸ್ ಹೆಸ್ ಎಂಬಾತ ಅವನು. ಕದ್ದದ್ದನ್ನು ಸೋವಿಯತ್ ಗೂಢಚಾರರಿಗೆ ಮಾರುತ್ತಿದ್ದ ಗುಂಪಿನವನು. ಒಬ್ಬನನ್ನು ಗುರುತಿಸಲು ಹತ್ತಿರ ಹತ್ತಿರ ಒಂದು ವರ್ಷ ಹಿಡಿಯಿತು.

ನಮ್ಮ ದೇಶದಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆ ಬಂದದ್ದು 2000ದಲ್ಲಿ. ಮರುವರ್ಷವೇ ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ ಬೆಂಗಳೂರಿನಲ್ಲಿ ಶುರುವಾಯಿತು. ಆಗ ಇಡೀ ರಾಜ್ಯಕ್ಕೆ ಅದೊಂದೇ. ಈಗ ಇಂಥ ದೂರುಗಳಿಗೆ ಹಾಸನದಲ್ಲೂ ಠಾಣೆಯಿದೆ, ಸಿ.ಇ.ಎನ್. ಠಾಣೆ ಎಂದರೆ ಜನ ದಾರಿ ತೋರಿಸುತ್ತಾರೆ.

ಪೊಲೀಸರ ಕೈಗೆ ಮೊದಲು ಸಿಗುವುದು ಐ.ಪಿ. ವಿಳಾಸ ಎಂಬ ಸಂಖ್ಯೆ. ಇದು ಅಂಚೆ ಮುದ್ರೆಯಂಥದೇ. ಕಂಪನಿಯವರು ಈ ಸಂಖ್ಯೆಯನ್ನು ಒಬ್ಬರಿಗೇ ಖಾಯಮ್ಮಾಗಿ ಕೊಡುವುದು ಕಡಿಮೆ. ಬೆಳಿಗ್ಗೆ ನಿಮ್ಮ ಮನೆಯಲ್ಲಿದ್ದದ್ದು ಸಂಜೆ ಇನ್ನೊಬ್ಬರ ಮನೆಗೆ ಹೋಗಿರಬಹುದು. ಮೊಬೈಲಿನಲ್ಲಂತೂ ಒಂದೇ ಸಂಖ್ಯೆಯನ್ನು ನೂರಾರು ಜನ ಒಂದೇ ಹೊತ್ತಿನಲ್ಲಿ ಹಂಚಿಕೊಂಡಿರುತ್ತಾರೆ. ಆದ್ದರಿಂದ ಗಂಟೆ, ನಿಮಿಷ, ಸೆಕೆಂಡು ಎಲ್ಲವೂ ಸರಿಯಾಗಿರಬೇಕು. ರೇಖಾಂಶದ ಪಾಠ ಮಾಡುವಾಗ ನಾನು ಮಕ್ಕಳಿಗೆ ಹೇಳುತ್ತೇನೆ: ಗ್ರೀನಿಚ್‌ನಲ್ಲಿ ರಾತ್ರಿ 8 ಗಂಟೆಯಾದರೆ ನಮ್ಮಲ್ಲಿ ಬೆಳಗಿನ ಜಾವ ಒಂದೂವರೆ, ತಾರೀಖು ಕೂಡ ಬೇರೆ. ಹೊರದೇಶದ ಕಂಪನಿ ಬರೆದು ಕಳಿಸಿದ ಹೊತ್ತು ಯಾವ ದೇಶದ್ದೆಂದು ನೋಡದೆ ಹೋದರೆ ಬೇರೆ ಯಾರದೋ ಮನೆಯ ಬಾಗಿಲು ತಟ್ಟಿದಂತೆಯೇ.

ಬೇರೆಯವರ ಬಾಗಿಲು ತಟ್ಟಿದ್ದೂ ಉಂಟು. 2007ರ ಆಗಸ್ಟ್ ಕೊನೆಯಲ್ಲಿ ಪುಣೆಯ ಪೊಲೀಸರು ಬೆಂಗಳೂರಿಗೆ ಬಂದು ಒಬ್ಬ ಯುವ ಇಂಜಿನಿಯರನನ್ನು ಹಿಡಿದುಕೊಂಡು ಹೋದರು. ಆರ್ಕುಟ್‌ನಲ್ಲಿ ಯಾರೋ ಶಿವಾಜಿ ಮಹಾರಾಜರನ್ನು ಅವಮಾನಿಸಿದ್ದರು. ಆ ಸಂಖ್ಯೆ ಈತನದೆಂದು ಇಂಟರ್‌ನೆಟ್ ಕಂಪನಿ ಬರೆದುಕೊಟ್ಟಿತ್ತು. ಅದು ತಪ್ಪು ಮಾಹಿತಿ. ಅದು ತಿಳಿದು ಬಿಡುಗಡೆಯಾಗುವ ಹೊತ್ತಿಗೆ ಆತ ಯೆರವಡಾ ಜೈಲಿನಲ್ಲಿ 50 ದಿನ ಕಳೆದಿದ್ದ. ಮಹಾರಾಷ್ಟ್ರದ ಮಾನವ ಹಕ್ಕುಗಳ ಆಯೋಗ ಆಮೇಲೆ 2 ಲಕ್ಷ ರೂಪಾಯಿ ಪರಿಹಾರ ಕೊಡಿಸಲು ಹೇಳಿತು. ಆ 50 ದಿನ ಅವನ ಮನೆಯಲ್ಲಿ ಒಲೆ ಹೇಗೆ ಉರಿದಿರಬಹುದು, ಅಕ್ಕಪಕ್ಕದವರು ಏನೇನು ಅಂದಿರಬಹುದು ಎಂದು ನಾವು ಹೆಂಗಸರು ಊಹಿಸಬಲ್ಲೆವು. ಅದಕ್ಕೆ ಯಾವ ಆಯೋಗ ಬೆಲೆ ಕಟ್ಟೀತು?

ಇನ್ನೊಂದು ನಮ್ಮ ಸರ್ಕಾರದ ಮನೆಯಲ್ಲೇ ಆದದ್ದು. ಟೆಂಡರು ಹಾಕುವ ಗುತ್ತಿಗೆದಾರರು ಕಟ್ಟಿದ್ದ ಠೇವಣಿ ಹಣದಲ್ಲಿ 11.5 ಕೋಟಿ ರೂಪಾಯಿ 2019ರಲ್ಲಿ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ವ್ಯವಸ್ಥೆಯಿಂದ ಮಾಯವಾಯಿತು. ಸಿ.ಐ.ಡಿ.ಗೆ ದೂರು ಹೋಯಿತು. ಹಣ ಹೊರರಾಜ್ಯದ ಬ್ಯಾಂಕ್ ಖಾತೆಗಳಿಗೆ ಹೋಗಿದ್ದು ತಿಳಿಯಿತು. ತೆಗೆದ ಕೈ ಯಾರದೆಂದು ತಿಳಿಯಲಿಲ್ಲ. ಒಂದು ವರ್ಷ ಕಳೆದ ಮೇಲೆ, 2020ರ ನವೆಂಬರ್‌ನಲ್ಲಿ, ಬೆಂಗಳೂರು ಪೊಲೀಸರು ಮಾದಕ ವಸ್ತುವಿನ ಪ್ರಕರಣದಲ್ಲಿ ಒಬ್ಬ ಯುವಕನನ್ನು ಬಂಧಿಸಿದರು. ವಿಚಾರಿಸುತ್ತ ಹೋದಾಗ ಈ ಕಳವಿನ ಆರೋಪವೂ ಅವನ ಮೇಲೆ ಬಂತು. ಕಂಪ್ಯೂಟರಿನ ಜಾಡು ತೋರಿಸದ ಮುಖ, ಗಾಂಜಾದ ಜಾಡು ಹಿಡಿದವರಿಗೆ ಎದುರಾಯಿತು! ಕಥೆ ಅಲ್ಲಿಗೂ ಮುಗಿಯಲಿಲ್ಲ. 2023ರಲ್ಲಿ ವಿಶೇಷ ತನಿಖಾ ದಳ ರಚನೆಯಾಯಿತು. ಹಿಂದಿನ ತನಿಖೆಯಲ್ಲಿದ್ದ ಒಬ್ಬ ಪೊಲೀಸ್ ಅಧಿಕಾರಿಯನ್ನೂ ಒಬ್ಬ ಸೈಬರ್ ತಜ್ಞನನ್ನೂ 2024ರಲ್ಲಿ ಆ ದಳವೇ ಬಂಧಿಸಿತು. ಆರೋಪ ಆರೋಪವೇ, ತೀರ್ಮಾನ ನ್ಯಾಯಾಲಯದ್ದು. ಆದರೆ ಸಾಕ್ಷಿಯನ್ನು ಮುಟ್ಟಿದ ಕೈಗಳ ಮೇಲೇ ಅನುಮಾನ ಬಂದರೆ, ಗುರುತು ಹಿಡಿದೆವು ಎಂಬ ಮಾತಿಗೆ ಬೆಲೆ ಎಲ್ಲಿ ಉಳಿಯಿತು?

ಒಂದು ಕಡೆ ಅವಸರ ನಿರಪರಾಧಿಯನ್ನು ಜೈಲಿಗೆ ಕಳಿಸಿತು. ಇನ್ನೊಂದು ಕಡೆ ಖಜಾನೆಯ ಹಣ ಕೈಬಿಟ್ಟು ಹೋಯಿತು. ಹಾಗೆಂದು ಪೊಲೀಸರು ನಿಧಾನ ಮಾಡುವಂತೆಯೂ ಇಲ್ಲ. ಯಾವ ಹೊತ್ತಿನಲ್ಲಿ ಏನೇನು ನಡೆಯಿತು ಎಂಬ ಕಂಪ್ಯೂಟರಿನ ದಾಖಲೆಗಳನ್ನು 180 ದಿನ ಇಟ್ಟುಕೊಳ್ಳಬೇಕೆಂದು ಕೇಂದ್ರ ಸರ್ಕಾರ 2022ರಲ್ಲಿ ಆದೇಶಿಸಿತು. ಆರು ತಿಂಗಳು ಸುಮ್ಮನಿದ್ದು ಏಳನೆಯ ತಿಂಗಳು ಕೇಳಿದರೆ ಗುರುತೇ ಅಳಿಸಿಹೋಗಿರಬಹುದು. ಬೇಗ ಕೇಳಬೇಕು, ನಿಧಾನವಾಗಿ ನಂಬಬೇಕು. ಹಾಲು ಕಾಯಿಸುವವಳಿಗೆ ಈ ಎರಡರ ಹದ ಗೊತ್ತಿರುತ್ತದೆ. ಕಣ್ಣು ತೆಗೆಯುವಂತಿಲ್ಲ, ಉರಿ ಜೋರು ಮಾಡುವಂತೆಯೂ ಇಲ್ಲ.

ಇದೆಲ್ಲ ದೊಡ್ಡ ಊರಿನ ವಿಷಯ, ನಮಗೇಕೆ ಎನ್ನುವಂತಿಲ್ಲ. ಹೊಳೆನರಸೀಪುರವಿರಲಿ, ಅರಕಲಗೂಡಿರಲಿ, ಎಷ್ಟು ಮನೆಗಳಲ್ಲಿ ಮಗನ ಮೊಬೈಲಿನ ಸಿಮ್ ತಾಯಿಯ ಹೆಸರಿನಲ್ಲಿದೆ! ಮನೆಯ ವೈಫೈ ಗುಟ್ಟು ಮೇಲಿನ ಬಾಡಿಗೆಯವರಿಗೂ ಗೊತ್ತು. ಖಾತೆಗೆ ದುಡ್ಡು ಬರುತ್ತದೆ, ತೆಗೆದುಕೊಟ್ಟರೆ ನಿಮಗೂ ಒಂದಿಷ್ಟು ಎಂದು ಕೇಳಿಕೊಂಡು ಬರುವವರೂ ಇದ್ದಾರೆ. ಕಳ್ಳನಿಗೆ ಬೇಕಾದದ್ದು ಇದೇ, ತನ್ನದಲ್ಲದ ಒಂದು ಹೆಸರು. ಪೊಲೀಸರ ಜಾಡು ಮೊದಲು ಬಂದು ನಿಲ್ಲುವುದು ಆ ಹೆಸರಿನ ಮುಂದೆ. ಪಾಸ್‌ಬುಕ್ಕು, ಸಿಮ್ಮು ನಮ್ಮ ಕೈಯಲ್ಲೇ ಇರಲಿ. ಮೋಸ ಹೋದರೆ ನಾಚಿಕೊಂಡು ಕೂರದೆ ಆ ಕ್ಷಣವೇ 1930ಕ್ಕೆ ಫೋನ್ ಮಾಡೋಣ. ಯಾರದೋ ಮನೆಗೆ ಪೊಲೀಸರು ಬಂದರೆಂದು ಕೇಳಿದ ದಿನ ಮಾತ್ರ, ಆ ಮನೆಯವರೊಡನೆ ಮಾತು ಬಿಡುವುದು ಬೇಡ.