ಪಂಪು ಕೊಟ್ಟ ಅರ್ಥ: ನಿರ್ವಾತ ಎಂಬ ಪರಿಕಲ್ಪನೆಯ ಚರಿತ್ರೆ

ನಿರ್ವಾತದ ಕಥೆಯನ್ನು ಪಠ್ಯಪುಸ್ತಕಗಳು ಹೇಳುವ ಕ್ರಮ ಹೆಚ್ಚುಕಡಿಮೆ ಒಂದೇ. ನಿಸರ್ಗವು ಶೂನ್ಯವನ್ನು ಸಹಿಸದು ಎಂದು ಅರಿಸ್ಟಾಟಲನ ಅನುಯಾಯಿಗಳು ನಂಬಿದ್ದರು. 1644ರಲ್ಲಿ ಟಾರಿಸೆಲ್ಲಿ ಪಾದರಸದ ಕೊಳವೆಯ ತುದಿಯಲ್ಲಿ ಖಾಲಿ ಜಾಗವನ್ನು ತೋರಿಸಿಕೊಟ್ಟ, ಹಳೆಯ ನಂಬಿಕೆ ಬಿದ್ದುಹೋಯಿತು. ಆ ಕಾಲದ ಪತ್ರ-ಗ್ರಂಥಗಳನ್ನು ನೋಡಿದರೆ ಸಂಗತಿ ಇಷ್ಟು ಸಲೀಸಾಗಿಲ್ಲ. ಕೊಳವೆಯ ತುದಿಯಲ್ಲಿ ಏನಿದೆ ಎಂಬ ಜಗಳ ಟಾರಿಸೆಲ್ಲಿಯಿಂದ ಜೋರಾಯಿತೇ ಹೊರತು ತೀರಲಿಲ್ಲ. ನಿರ್ವಾತ ಎಂದರೇನು ಎಂಬುದನ್ನು ಕಾಲಕಾಲಕ್ಕೆ ತೀರ್ಮಾನಿಸಿದ್ದು ಆಯಾ ಕಾಲದ ಪಂಪು ಎಷ್ಟು ಗಾಳಿಯನ್ನು ಹೊರಹಾಕಬಲ್ಲದು ಎಂಬ ಸಂಗತಿ. ಈ ಲೇಖನದ ವಾದ ಅಷ್ಟೇ.

ಗ್ರೀಸಿನಲ್ಲಿ ಶೂನ್ಯವನ್ನು ಮೊದಲು ಪ್ರತಿಪಾದಿಸಿದವರು ಪರಮಾಣುವಾದಿಗಳು. ಪರಮಾಣುಗಳು ಓಡಾಡಬೇಕಾದರೆ ಬರಿದು ಜಾಗ ಬೇಕು ಎಂಬುದು ಲ್ಯೂಸಿಪ್ಪಸ್ ಮತ್ತು ಡೆಮಾಕ್ರಿಟಸರ ತರ್ಕ. ಅರಿಸ್ಟಾಟಲ್ ತನ್ನ ಭೌತಶಾಸ್ತ್ರ ಗ್ರಂಥದ ನಾಲ್ಕನೆಯ ಭಾಗದಲ್ಲಿ ಇದನ್ನು ಖಂಡಿಸಿದ. ಮಾಧ್ಯಮ ತೆಳುವಾದಷ್ಟೂ ವಸ್ತುವಿನ ವೇಗ ಹೆಚ್ಚುತ್ತದೆ, ಮಾಧ್ಯಮವೇ ಇಲ್ಲದಿದ್ದರೆ ವೇಗಕ್ಕೆ ಲೆಕ್ಕವೇ ಸಿಗುವುದಿಲ್ಲ ಎಂದ. ಶೂನ್ಯದಲ್ಲಿ ಚಲಿಸುವ ವಸ್ತು ಇಲ್ಲಿಯೇ ಏಕೆ ನಿಲ್ಲಬೇಕು, ಅಲ್ಲಿಯೇ ಏಕೆ ನಿಲ್ಲಬಾರದು, ಅದು ನಿಲ್ಲದೆ ಹೋಗುತ್ತಲೇ ಇರಬೇಕಾಗುತ್ತದೆ ಎಂದೂ ಹೇಳಿದ. ಅಸಂಬದ್ಧವೆಂದು ಅವನು ತಳ್ಳಿಹಾಕಿದ ಈ ತೀರ್ಮಾನವೇ ಎರಡು ಸಾವಿರ ವರ್ಷಗಳ ನಂತರ ಜಡತ್ವದ ನಿಯಮವಾಗಿ ನಿಂತಿತು. ಅವನನ್ನು ಮೂಢನಂಬಿಕೆಯ ಪ್ರತಿನಿಧಿಯಾಗಿ ಚಿತ್ರಿಸುವವರು ಈ ಭಾಗವನ್ನು ಓದಬೇಕು.

ಮಧ್ಯಯುಗದ ಯೂರೋಪಿನಲ್ಲಿ ಅರಿಸ್ಟಾಟಲನ ಮಾತಿಗೆ ಮೊದಲ ಪೆಟ್ಟು ಬಿದ್ದದ್ದು ಚರ್ಚಿನಿಂದ ಎಂಬುದು ಗಮನಿಸಬೇಕಾದ ಅಂಶ. 1277ರಲ್ಲಿ ಪ್ಯಾರಿಸ್ಸಿನ ಬಿಷಪ್ ಎತಿಯೆನ್ ತಾಂಪಿಯೆ 219 ಪ್ರತಿಪಾದನೆಗಳನ್ನು ನಿಷೇಧಿಸಿದ. ದೇವರು ವಿಶ್ವವನ್ನು ನೇರ ರೇಖೆಯಲ್ಲಿ ಸರಿಸಲಾರ, ಸರಿಸಿದರೆ ಹಿಂದೆ ಶೂನ್ಯ ಉಳಿಯುತ್ತದೆ ಎಂಬ ಮಾತೂ ಅವುಗಳಲ್ಲಿತ್ತು. ದೇವರ ಸಾಮರ್ಥ್ಯಕ್ಕೆ ಮಿತಿ ಹಾಕಬಾರದು ಎಂಬುದು ಬಿಷಪ್ಪನ ಕಾಳಜಿ. ಅದರಿಂದಾಗಿ ಶೂನ್ಯವನ್ನು ಕನಿಷ್ಠ ಕಲ್ಪಿಸಿಕೊಂಡು ಚರ್ಚಿಸುವ ದಾರಿ ವಿಶ್ವವಿದ್ಯಾಲಯಗಳಿಗೆ ತೆರೆಯಿತು.

ಕಲ್ಪನೆ ಪ್ರಯೋಗಕ್ಕೆ ಇಳಿದದ್ದು ನೀರೆತ್ತುವವರ ತೊಂದರೆಯಿಂದ. 1630ರಲ್ಲಿ ಜಿನೋವಾದ ಬಾಲಿಯಾನಿ ಗೆಲಿಲಿಯೋಗೆ ಒಂದು ಪತ್ರ ಬರೆದ. ಗುಡ್ಡ ದಾಟಿಸಲು ಹಾಕಿದ್ದ ನೀರಿನ ಕೊಳವೆ ಕೆಲಸವನ್ನೇ ಮಾಡುತ್ತಿಲ್ಲ, ಕಾರಣವೇನು ಎಂಬುದು ಅವನ ಪ್ರಶ್ನೆ. ಹೀರುಪಂಪು ನೀರನ್ನು ಸುಮಾರು 10 ಮೀಟರಿಗಿಂತ ಮೇಲಕ್ಕೆ ಎತ್ತಲಾರದು ಎಂಬುದನ್ನು ಗೆಲಿಲಿಯೋ 1638ರ ತನ್ನ ಕೊನೆಯ ಗ್ರಂಥದಲ್ಲಿ ದಾಖಲಿಸಿದ. ತೂಗುಹಾಕಿದ ಹಗ್ಗ ತೀರಾ ಉದ್ದವಾದರೆ ತನ್ನ ಭಾರಕ್ಕೆ ತಾನೇ ಹರಿಯುವಂತೆ ನೀರಿನ ಕಂಬವೂ ಹರಿಯುತ್ತದೆ ಎಂಬುದು ಅವನ ವಿವರಣೆ. ಕಾರಣವನ್ನು ಅವನು ಕೊಳವೆಯ ಒಳಗೇ ಹುಡುಕಿದ. ಅದೇ ಸುಮಾರಿಗೆ ರೋಮಿನಲ್ಲಿ ಗಾಸ್ಪಾರೋ ಬೆರ್ತಿ ಎತ್ತರದ ಸೀಸದ ಕೊಳವೆಗೆ ನೀರು ತುಂಬಿ ಕೆಳಗಿನ ಬಾಯಿ ತೆರೆದ. ನೀರು ಒಂದು ಮಟ್ಟಕ್ಕೆ ಇಳಿದು ನಿಂತಿತು. ಮೇಲಿನ ಗಾಜಿನ ಬುರುಡೆಯಲ್ಲಿಟ್ಟ ಗಂಟೆಯನ್ನು ಹೊರಗಿನಿಂದ ಅಯಸ್ಕಾಂತ ಹಿಡಿದು ಬಾರಿಸಿದಾಗ ಸದ್ದು ಕೇಳಿತು. ಗಂಟೆಗೆ ಆಸರೆಯಾಗಿದ್ದ ಕಂಬಿಯ ಮೂಲಕ ಸದ್ದು ಹೊರಬಂದಿರಬಹುದೆಂಬ ಸಾಧ್ಯತೆ ಇದ್ದರೂ, ಜೆಸ್ಯೂಟ್ ವಿದ್ವಾಂಸ ಕಿರ್ಚರ್ ಇದನ್ನೇ ಒಳಗೆ ಗಾಳಿ ಇದೆ ಎಂಬುದಕ್ಕೆ ಸಾಕ್ಷಿಯಾಗಿ ಹಿಡಿದ.

ಟಾರಿಸೆಲ್ಲಿಯ ದೊಡ್ಡ ಹೆಜ್ಜೆ ಕಾರಣವನ್ನು ಹೊರಗೆ ಹುಡುಕಿದ್ದು. ನೀರಿಗಿಂತ ಸುಮಾರು 13.6 ಪಟ್ಟು ಭಾರವಾದ ಪಾದರಸ ಬಳಸಿದ್ದರಿಂದ 10 ಮೀಟರಿನ ಕಂಬ 76 ಸೆಂಟಿಮೀಟರಿಗೆ ಇಳಿದು ಮೇಜಿನ ಮೇಲೆ ಕೂತಿತು. 1644ರ ಜೂನ್ 11ರಂದು ಮಿಕೆಲಾಂಜೆಲೋ ರಿಚ್ಚಿಗೆ ಬರೆದ ಪತ್ರದಲ್ಲಿ, ನಾವು ಗಾಳಿಯ ಸಮುದ್ರದ ತಳದಲ್ಲಿ ಬದುಕುತ್ತಿದ್ದೇವೆ ಎಂಬ ಆಶಯದ ಮಾತು ಬರುತ್ತದೆ. ಅದೇ ಪತ್ರದಲ್ಲಿ ಎರಡು ಕೊಳವೆಗಳ ಪ್ರಸ್ತಾಪವಿದೆ. ಒಂದರ ತುದಿಯಲ್ಲಿ ದೊಡ್ಡ ಬುರುಡೆ, ಇನ್ನೊಂದಕ್ಕೆ ಬುರುಡೆಯಿಲ್ಲ. ಪಾದರಸವನ್ನು ಎತ್ತಿಹಿಡಿಯುವ ಬಲ ಒಳಗಿನ ಶೂನ್ಯದ್ದಾಗಿದ್ದರೆ ದೊಡ್ಡ ಬುರುಡೆಯ ಕಡೆ ಹೆಚ್ಚು ಎಳೆತ ಇರಬೇಕಿತ್ತು. ಎರಡರಲ್ಲೂ ಮಟ್ಟ ಒಂದೇ ಆಗಿತ್ತು. ಈ ಪ್ರಯೋಗದ ಉದ್ದೇಶ ಬರೀ ಶೂನ್ಯವನ್ನು ಉಂಟುಮಾಡುವುದಲ್ಲ, ಗಾಳಿಯ ಏರುಪೇರು ತೋರಿಸುವ ಸಲಕರಣೆ ಮಾಡುವುದು ಎಂದು ಅವನೇ ಸ್ಪಷ್ಟಪಡಿಸಿದ್ದಾನೆ. ಹಾಗಾಗಿ ಟಾರಿಸೆಲ್ಲಿ ಸಾಧಿಸಿದ್ದು ಗಾಳಿಗೆ ತೂಕವಿದೆ ಎಂಬುದನ್ನು. ಮೇಲಿನ ಜಾಗ ಬರಿದಾಗಿದೆಯೇ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಫ್ರಾನ್ಸಿನಲ್ಲಿ ಆ ಪ್ರಶ್ನೆ ಬಿಸಿಯಾಯಿತು. ಪ್ಯಾಸ್ಕಲ್ 1647ರಲ್ಲಿ ಶೂನ್ಯದ ಪ್ರಯೋಗಗಳ ಕುರಿತು ಕಿರುಹೊತ್ತಿಗೆ ಪ್ರಕಟಿಸಿದಾಗ ಜೆಸ್ಯೂಟ್ ಪಾದ್ರಿ ನೋಯೆಲ್, ಗಾಜಿನ ಸೂಕ್ಷ್ಮ ರಂಧ್ರಗಳ ಮೂಲಕ ಶುದ್ಧ ಗಾಳಿ ಒಳನುಗ್ಗುತ್ತದೆ ಎಂದು ಆಕ್ಷೇಪಿಸಿದ. ವಿಸ್ತಾರವಿದ್ದಲ್ಲಿ ದ್ರವ್ಯ ಇದ್ದೇ ತೀರಬೇಕು ಎನ್ನುತ್ತಿದ್ದ ದೇಕಾರ್ತ್ ಒಂದು ಖಾಸಗಿ ಪತ್ರದಲ್ಲಿ ಪ್ಯಾಸ್ಕಲನ ತಲೆಯಲ್ಲಿಯೇ ಶೂನ್ಯ ಹೆಚ್ಚಿದೆ ಎಂದು ಕುಟುಕಿದ. 1648ರ ಸೆಪ್ಟೆಂಬರ್ 19ರಂದು ಪ್ಯಾಸ್ಕಲನ ಭಾವ ಪೆರಿಯೆ ಕ್ಲೆರ್ಮಾನ್ ಪಟ್ಟಣದ ಮಠದ ತೋಟದಲ್ಲಿ ಒಂದು ಕೊಳವೆಯನ್ನು ಪಾದ್ರಿಯೊಬ್ಬರ ಕಾವಲಿನಲ್ಲಿ ಬಿಟ್ಟು, ಇನ್ನೊಂದರೊಡನೆ ಪ್ಯುಯಿ ದ ಡೋಮ್ ಬೆಟ್ಟ ಹತ್ತಿದ. ಶಿಖರದಲ್ಲಿ ಪಾದರಸ ಸುಮಾರು 8.5 ಸೆಂಟಿಮೀಟರ್ ಕೆಳಗಿತ್ತು. ಬೆಟ್ಟದ ಮೇಲೆ ಬೇರೆ ಬೇರೆ ಕಡೆ ನಿಂತು ಮತ್ತೆ ಮತ್ತೆ ಅಳೆದ. ಕೆಳಗೆ ಮಠದಲ್ಲಿ ದಿನವಿಡೀ ಮಟ್ಟ ಬದಲಾಗಿರಲಿಲ್ಲ. ಎಷ್ಟೇ ಚೊಕ್ಕವಾದ ಪ್ರಯೋಗವಾದರೂ ಇದು ಕೂಡ ಗಾಳಿಯ ಒತ್ತಡಕ್ಕೆ ಪುರಾವೆ. ದೇಕಾರ್ತ್ ಒತ್ತಡವನ್ನು ಒಪ್ಪಿ ಶೂನ್ಯವನ್ನು ನಿರಾಕರಿಸುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ, ಅವನು ಮಾಡಿದ್ದೂ ಅದನ್ನೇ.

ಮಾಗ್ಡೆಬರ್ಗ್ ನಗರದ ಮೇಯರ್ ಒಟ್ಟೋ ಫಾನ್ ಗೆರಿಕೆಯ ಎಂಟೆಂಟು ಕುದುರೆಗಳು ಎರಡು ಕಡೆಯಿಂದ ಜಗ್ಗಿದ ಅರ್ಧಗೋಳಗಳ ಚಿತ್ರ ಎಲ್ಲರಿಗೂ ಗೊತ್ತು. ಅದಕ್ಕಿಂತ ಮುಂಚಿನ ಅವನ ಸೋಲುಗಳು ನನಗೆ ಹೆಚ್ಚು ಮುಖ್ಯವೆನಿಸುತ್ತವೆ. ಮರದ ಪೀಪಾಯಿಗೆ ನೀರು ತುಂಬಿ, ತಳಕ್ಕೆ ಹಿತ್ತಾಳೆಯ ಪಂಪು ಕೂರಿಸಿ, ಗಟ್ಟಿ ಆಳುಗಳಿಂದ ನೀರನ್ನು ಎಳೆಸಿದ. ನೀರು ಹೋದ ಜಾಗಕ್ಕೆ ಮರದ ಸಂದುಗಳಿಂದ ಗಾಳಿ ನುಗ್ಗುವ ಸದ್ದು ಪೀಪಾಯಿಯ ತುಂಬ ಕೇಳಿಸಿತು. ಪೀಪಾಯಿಯೊಳಗೆ ಪೀಪಾಯಿ ಇಟ್ಟು ನಡುವೆ ನೀರು ತುಂಬಿದರೂ ಸೋರುವಿಕೆ ನಿಲ್ಲಲಿಲ್ಲ. ಆಮೇಲೆ ತಾಮ್ರದ ಗೋಳದಿಂದ ನೇರವಾಗಿ ಗಾಳಿಯನ್ನೇ ಎಳೆಸಿದಾಗ ಅದು ದೊಡ್ಡ ಸದ್ದಿನೊಡನೆ ಮುದ್ದೆಯಾಯಿತು. ಆಕಾರ ಪೂರ್ಣ ಗೋಳವಾಗಿರಲಿಲ್ಲವೆಂದು ಅವನು ಕಾರಣ ಹುಡುಕಿ ಮತ್ತೊಂದು ಮಾಡಿಸಿದ. ಶೂನ್ಯವಿದೆಯೇ ಇಲ್ಲವೇ ಎಂಬ ಪ್ರಶ್ನೆ ಇಲ್ಲಿ ಸೋರಿಕೆ ಎಲ್ಲಿದೆ ಎಂಬ ಪ್ರಶ್ನೆಯಾಗಿ ಬದಲಾಯಿತು. ಈ ಚರಿತ್ರೆಯ ನಿಜವಾದ ತಿರುವು ಇದು.

ಆ ತಿರುವಿಗೆ ಮಾತಿನ ರೂಪ ಕೊಟ್ಟವನು ರಾಬರ್ಟ್ ಬಾಯ್ಲ್. 1659ರಲ್ಲಿ ರಾಬರ್ಟ್ ಹುಕ್ ಅವನಿಗಾಗಿ ಗಾಜಿನ ಬುರುಡೆಯ ಪಂಪು ಕಟ್ಟಿಕೊಟ್ಟ. ಕೊಂತಕ್ಕೆ ಚರ್ಮದ ಹೊದಿಕೆ, ಸಂದುಗಳಿಗೆ ಎಣ್ಣೆ. 1660ರ ಅವನ ಗ್ರಂಥದಲ್ಲಿ 43 ಪ್ರಯೋಗಗಳ ವಿವರವಿದೆ. ಹದಿನೇಳನೆಯದರಲ್ಲಿ ಟಾರಿಸೆಲ್ಲಿಯ ಕೊಳವೆಯನ್ನೇ ಬುರುಡೆಯೊಳಗಿಟ್ಟು ಗಾಳಿ ಎಳೆದ. ಪಾದರಸ ಪ್ರತಿ ಎಳೆತಕ್ಕೂ ಇಳಿಯಿತು, ಆದರೆ ಬಟ್ಟಲಿನ ಮಟ್ಟಕ್ಕೆ ಪೂರ್ತಿ ಇಳಿಯಲಿಲ್ಲ. ಒಳಗೆ ಸ್ವಲ್ಪ ಗಾಳಿ ಉಳಿದಿದೆ ಎಂದು ಬಾಯ್ಲ್ ಮುಚ್ಚುಮರೆಯಿಲ್ಲದೆ ಬರೆದ. ನಿರ್ವಾತ ಎನ್ನುವಾಗ ಯಾವ ವಸ್ತುವೂ ಇಲ್ಲದ ಜಾಗ ತನ್ನ ಮನಸ್ಸಿನಲ್ಲಿಲ್ಲ, ಪೂರ್ತಿಯಾಗಿ ಅಥವಾ ಬಹುಮಟ್ಟಿಗೆ ಗಾಳಿ ತೆಗೆದ ಜಾಗವನ್ನು ಹಾಗೆ ಕರೆಯುತ್ತಿದ್ದೇನೆ ಎಂದೂ ಸ್ಪಷ್ಟಪಡಿಸಿದ. ತಾಮಸ್ ಹಾಬ್ಸ್ 1661ರಲ್ಲಿ ಈ ಪಂಪು ಸೋರುತ್ತದೆ ಎಂದು ಹೀಯಾಳಿಸಿದ. ಆರೋಪ ನಿಜವೇ ಆಗಿತ್ತು. ಆದರೆ "ಬಹುಮಟ್ಟಿಗೆ" ಎಂಬ ಒಂದು ಪದದಿಂದ ಬಾಯ್ಲ್ ಆ ಆರೋಪದ ಹಲ್ಲು ಕಿತ್ತಿದ್ದ. ಸ್ಟೀವನ್ ಶಾಪಿನ್ ಮತ್ತು ಸೈಮನ್ ಶಾಫರ್ 1985ರ ತಮ್ಮ ಪ್ರಸಿದ್ಧ ಕೃತಿಯಲ್ಲಿ ಈ ವಿವಾದವನ್ನು ಜ್ಞಾನವನ್ನು ಯಾರು ಪ್ರಮಾಣೀಕರಿಸಬೇಕು ಎಂಬ ಸಾಮಾಜಿಕ ಪ್ರಶ್ನೆಯಾಗಿ ಓದಿದ್ದಾರೆ. ಆ ಓದು ಬೆಲೆಯುಳ್ಳದ್ದು. ಆದರೂ ಬಾಯ್ಲನ ಗೆಲುವಿಗೆ ದೊಡ್ಡ ಕಾರಣ ಅವನ ವ್ಯಾಖ್ಯೆಯ ವಿನಯ ಎಂದೇ ನನ್ನ ಅಭಿಪ್ರಾಯ. ಇದೆ-ಇಲ್ಲ ಎಂಬಲ್ಲಿ ಎಷ್ಟು ಎಂಬುದನ್ನು ಅವನು ತಂದ.

ಕನ್ನಡದ ನಿರ್ವಾತ ಎಂಬ ಮಾತು ಗಾಳಿಯಿಲ್ಲದ್ದು ಎಂದಷ್ಟೇ ಹೇಳುವುದರಿಂದ ಬಾಯ್ಲನ ವ್ಯಾಖ್ಯೆಗೇ ಹತ್ತಿರ. ವೈಶೇಷಿಕರ ಆಕಾಶ, ನಾಗಾರ್ಜುನನ ಶೂನ್ಯತೆ, ವಚನಕಾರರ ಬಯಲು ಇವುಗಳನ್ನು ಇದರ ಪೂರ್ವರೂಪಗಳೆಂದು ತೋರಿಸುವ ಬರಹಗಳು ಆಗಾಗ ಬರುತ್ತವೆ. ವೈಶೇಷಿಕರಿಗೆ ಆಕಾಶವು ಶಬ್ದಕ್ಕೆ ಆಶ್ರಯವಾದ ದ್ರವ್ಯ, ನಿರ್ವಾತದಲ್ಲಿ ಶಬ್ದ ಸಾಗುವುದೇ ಇಲ್ಲ. ಬಯಲು ಸಾಧಕನ ಅನುಭವದ ಮಾತು. ಅವುಗಳ ಘನತೆ ಅವುಗಳ ಜಾಗದಲ್ಲಿಯೇ ಇದೆ, ಪಂಪಿನ ಆಸರೆ ಅವಕ್ಕೆ ಬೇಡ.

ಗಾಳಿ ತೆಗೆಯುವ ವಿದ್ಯೆ ಕೈಗಾರಿಕೆಗೆ ಬೇಗ ಇಳಿಯಿತು. 1712ರ ನ್ಯೂಕಾಮೆನ್ ಎಂಜಿನ್ನಿನಲ್ಲಿ ಹಬೆ ತಣಿದು ಉಂಟಾದ ನಿರ್ವಾತದ ಮೇಲೆ ವಾತಾವರಣವೇ ಕೊಂತವನ್ನು ಒತ್ತುತ್ತಿತ್ತು. 1813ರ ಹೊತ್ತಿಗೆ ಎಡ್ವರ್ಡ್ ಹೊವಾರ್ಡ್ ಸಕ್ಕರೆ ಪಾಕವನ್ನು ಕಡಿಮೆ ಒತ್ತಡದಲ್ಲಿ ಕಡಿಮೆ ಬಿಸಿಗೆ ಕುದಿಸಿ ಸೀಯದಂತೆ ಮಾಡಿದ. ನಮ್ಮ ರೈಲುಗಳಲ್ಲಿ ದಶಕಗಳ ಕಾಲ ಇದ್ದದ್ದು ವ್ಯಾಕ್ಯೂಮ್ ಬ್ರೇಕು. ಕೊಳವೆಯಲ್ಲಿ ನಿರ್ವಾತ ಇರುವಷ್ಟು ಹೊತ್ತು ಚಕ್ರ ಬಿಡುವಾಗಿರುತ್ತದೆ, ಸರಪಳಿ ಎಳೆದರೆ ಗಾಳಿ ಒಳಹೊಕ್ಕು ಬ್ರೇಕು ಬೀಳುತ್ತದೆ.

ಪಂಪು ಸುಧಾರಿಸಿದಂತೆ ಅರ್ಥ ಹೇಗೆ ಬದಲಾಯಿತು ಎಂಬುದಕ್ಕೆ ಹತ್ತೊಂಬತ್ತನೆಯ ಶತಮಾನ ಒಳ್ಳೆಯ ನಿದರ್ಶನ. 1855ರಲ್ಲಿ ಗೈಸ್ಲರ್, 1865ರಲ್ಲಿ ಸ್ಪ್ರೆಂಗೆಲ್ ಪಾದರಸವನ್ನೇ ಕೊಂತವಾಗಿ ಬಳಸುವ ಪಂಪುಗಳನ್ನು ತಂದರು. 1883ರಲ್ಲಿ ಹರ್ಟ್ಸ್ ಕ್ಯಾಥೋಡ್ ಕಿರಣಗಳನ್ನು ವಿದ್ಯುತ್ ಕ್ಷೇತ್ರದಿಂದ ಬಾಗಿಸಲು ಹೋಗಿ ಸೋತ, ಅವು ಕಣಗಳಲ್ಲ ಎಂದು ತೀರ್ಮಾನಿಸಿದ. 1897ರಲ್ಲಿ ಜೆ.ಜೆ. ಥಾಮ್ಸನ್ ಅದೇ ಪ್ರಯೋಗವನ್ನು ಇನ್ನೂ ಚೊಕ್ಕ ನಿರ್ವಾತದಲ್ಲಿ ಮಾಡಿದಾಗ ಕಿರಣ ಬಾಗಿತು. ಹರ್ಟ್ಸ್‌ನ ಕೊಳವೆಯಲ್ಲಿ ಉಳಿದಿದ್ದ ಅನಿಲ ವಿದ್ಯುತ್ ವಾಹಕವಾಗಿ ಕ್ಷೇತ್ರವನ್ನು ಅಳಿಸಿಹಾಕಿತ್ತು. ಒಬ್ಬನಿಗೆ ನಿರ್ವಾತವಾಗಿದ್ದದ್ದು ಇನ್ನೊಬ್ಬನಿಗೆ ಅನಿಲ ತುಂಬಿದ ಕೊಳವೆ, ಎರಡರ ಅಂತರದಲ್ಲಿ ಎಲೆಕ್ಟ್ರಾನ್ ಸಿಕ್ಕಿತು. ಎಡಿಸನ್ನನ ದೀಪ, ರಂಟ್‌ಜೆನ್ನನ ಕ್ಷ-ಕಿರಣ, ರೇಡಿಯೋ ವಾಲ್ವು ಎಲ್ಲವೂ ಇದೇ ಪಂಪುಗಳ ಮಕ್ಕಳು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆ ಶುರುಮಾಡಿದಾಗ ಈ ವಿದ್ಯೆ ಕರ್ನಾಟಕದ ಕಾರ್ಮಿಕರ ಕೈಗೂ ಬಂತು.

ಎಲ್ಲ ಅನಿಲವನ್ನೂ ತೆಗೆದರೆ ಏನು ಉಳಿಯುತ್ತದೆ? ಇಪ್ಪತ್ತನೆಯ ಶತಮಾನದ ಉತ್ತರ ಅರಿಸ್ಟಾಟಲನಿಗೂ ಡೆಮಾಕ್ರಿಟಸನಿಗೂ ಪೂರ್ತಿ ಒಪ್ಪಿಗೆಯಾಗುವಂಥದ್ದಲ್ಲ. ಉಷ್ಣ ವಿಕಿರಣ ಉಳಿಯುತ್ತದೆ. ಅದನ್ನೂ ತೆಗೆದರೆ ಕ್ವಾಂಟಮ್ ಕ್ಷೇತ್ರಗಳ ಕನಿಷ್ಠ ಶಕ್ತಿಯ ಸ್ಥಿತಿ ಉಳಿಯುತ್ತದೆ, ಭೌತವಿಜ್ಞಾನಿಗಳು ಈಗ ನಿರ್ವಾತ ಎನ್ನುವುದು ಆ ಸ್ಥಿತಿಗೆ. 1947ರಲ್ಲಿ ಲ್ಯಾಂಬ್ ಹೈಡ್ರೋಜನ್ನಿನ ಶಕ್ತಿಮಟ್ಟಗಳಲ್ಲಿ ಕಂಡ ಸಣ್ಣ ಪಲ್ಲಟವನ್ನು ಆ ಸ್ಥಿತಿಯ ಏರಿಳಿತಗಳಿಲ್ಲದೆ ವಿವರಿಸಲಾಗದು. 1948ರಲ್ಲಿ ಕ್ಯಾಸಿಮಿರ್, ಎರಡು ಲೋಹದ ಫಲಕಗಳು ನಿರ್ವಾತದಲ್ಲಿ ಒಂದನ್ನೊಂದು ಸೆಳೆಯಬೇಕೆಂದು ಲೆಕ್ಕಹಾಕಿದ. 1997ರಲ್ಲಿ ಲಾಮೋರೋ ಅದನ್ನು ನಿಖರವಾಗಿ ಅಳೆದ.

ಪ್ರಯೋಗಶಾಲೆಯ ಲೆಕ್ಕ ಬೇರೆಯೇ ಇದೆ. ಗುರುತ್ವ ಅಲೆಗಳನ್ನು ಹಿಡಿಯುವ ಅಮೆರಿಕದ ಲೈಗೋದಲ್ಲಿ 4 ಕಿಲೋಮೀಟರ್ ಉದ್ದದ ಕೊಳವೆಗಳ ಒತ್ತಡ ವಾತಾವರಣದ ಲಕ್ಷ ಕೋಟಿಯಲ್ಲಿ ಒಂದು ಪಾಲಿನಷ್ಟು. ಅಲ್ಲಿಯೂ ಒಂದು ಘನ ಸೆಂಟಿಮೀಟರಿನಲ್ಲಿ ಕೋಟಿಗಟ್ಟಲೆ ಅಣುಗಳು ಉಳಿದಿರುತ್ತವೆ. ಅಂತಾರಾಷ್ಟ್ರೀಯ ಮಾನಕ ಸಂಸ್ಥೆ ಇದನ್ನೆಲ್ಲ ಗಮನದಲ್ಲಿಟ್ಟುಕೊಂಡು, ಸುತ್ತಲ ವಾತಾವರಣಕ್ಕಿಂತ ಕಡಿಮೆ ಒತ್ತಡ ಅಥವಾ ಸಾಂದ್ರತೆಯ ವಿರಳ ಅನಿಲದ ಸ್ಥಿತಿಯನ್ನು ನಿರ್ವಾತ ಎಂದು ಕರೆಯುತ್ತದೆ. ಬಾಯ್ಲನ ಮಾತಿಗೆ ಮೂರೂವರೆ ಶತಮಾನಗಳ ನಂತರವೂ ದೊಡ್ಡ ತಿದ್ದುಪಡಿ ಬೇಕಾಗಿಲ್ಲ.

ಕನ್ನಡದಲ್ಲಿ ವಿಜ್ಞಾನದ ಪಾಠ ಮತ್ತು ಕೋಶ ಬರೆಯುವವರಲ್ಲಿ ಒಂದು ಕೋರಿಕೆ. ನಿರ್ವಾತವನ್ನು ಏನೂ ಇಲ್ಲದ ಜಾಗ ಎಂದು ವಿವರಿಸುವುದನ್ನು ಬಿಡಿ, ಸುತ್ತಲಿಗಿಂತ ಕಡಿಮೆ ಒತ್ತಡವುಳ್ಳ ಜಾಗ ಎಂದು ಬರೆಯಿರಿ. ಜೊತೆಗೆ ಆ ಒತ್ತಡ ಎಷ್ಟು ಎಂಬ ಅಂಕಿಯನ್ನೂ ಕೊಡಿ.