ಟಸ್ಕೀಗಿ: ಬಚ್ಚಿಡದೆ ನಡೆದ ಒಂದು ಅನ್ಯಾಯ



ಮನುಷ್ಯರನ್ನು ವೈದ್ಯಕೀಯ ಸಂಶೋಧನೆಗೆ ಒಳಪಡಿಸುವಾಗ ಹುಟ್ಟುವ ನೈತಿಕ ಸಂಘರ್ಷವನ್ನು ಕುರಿತು ಮಾತನಾಡಬೇಕೆಂದು ತಾವು ಕೇಳಿದ್ದೀರಿ. ವಿಷಯ ಬಹು ವಿಸ್ತಾರವಾದದ್ದು. ಆದ್ದರಿಂದ ನಾವು ನೆಲೆಸಿರುವ ಈ ಅಮೆರಿಕದಲ್ಲಿಯೇ ನಡೆದ ಒಂದು ಪ್ರಕರಣದ ಇತಿಹಾಸವನ್ನು ಮಾತ್ರ ತಮ್ಮ ಮುಂದಿಡುತ್ತೇನೆ.

ಅಲಬಾಮಾ ರಾಜ್ಯದ ಮೇಕನ್ ಕೌಂಟಿ ಹತ್ತಿ ಬೆಳೆಯುವ ಸೀಮೆ. ಅಲ್ಲಿನ ಕಪ್ಪು ಜನರಲ್ಲಿ ಹೆಚ್ಚಿನವರು ಅನ್ಯರ ಹೊಲಗಳನ್ನು ಪಾಲಿಗೆ ಉಳುತ್ತಿದ್ದ ಬಡ ರೈತರು. 1932ರಲ್ಲಿ ಸರ್ಕಾರದ ಪಬ್ಲಿಕ್ ಹೆಲ್ತ್ ಸರ್ವೀಸ್ ಅಲ್ಲಿನ ಟಸ್ಕೀಗಿ ಪಟ್ಟಣವನ್ನು ಕೇಂದ್ರವಾಗಿರಿಸಿಕೊಂಡು ಒಂದು ಅಧ್ಯಯನವನ್ನು ಆರಂಭಿಸಿತು. ಚಿಕಿತ್ಸೆಯಿಲ್ಲದೆ ಬಿಟ್ಟರೆ ಸಿಫಿಲಿಸ್ ರೋಗವು ಕಪ್ಪು ಜನರ ಶರೀರವನ್ನು ಹೇಗೆ ಕೆಡಿಸುತ್ತದೆ ಎಂಬುದನ್ನು ಅರಿಯುವುದೇ ಅದರ ಉದ್ದೇಶ. ಆಯ್ಕೆಯಾದವರು ಸುಮಾರು 600 ಪುರುಷರು. ಇವರಲ್ಲಿ 399 ಮಂದಿ ರೋಗಿಗಳು. ಉಳಿದ 201 ಮಂದಿ ಹೋಲಿಕೆಗಾಗಿ ಸೇರಿಸಿಕೊಂಡ ನಿರೋಗಿಗಳು.

ರೋಗದ ಹೆಸರನ್ನು ಅವರಿಗೆ ತಿಳಿಸಲಿಲ್ಲ. ನಿಮ್ಮದು 'ಕೆಟ್ಟ ರಕ್ತ' ಎಂದಷ್ಟೇ ಹೇಳಿದರು. ಬೆನ್ನುಮೂಳೆಗೆ ಸೂಜಿ ಚುಚ್ಚಿ ಪರೀಕ್ಷೆಗಾಗಿ ದ್ರವ ತೆಗೆಯುವುದನ್ನು 'ವಿಶೇಷ ಉಚಿತ ಚಿಕಿತ್ಸೆ' ಎಂದು ಪತ್ರ ಬರೆದು ಕರೆದರು. ಬಿಸಿಯೂಟ, ವಾಹನ ಸೌಕರ್ಯಗಳ ಜೊತೆಗೆ, ಸತ್ತಾಗ ಶವಸಂಸ್ಕಾರದ ವೆಚ್ಚಕ್ಕೆ ಹಣ ಕೊಡುವ ಭರವಸೆಯೂ ಇತ್ತು. ಅದಕ್ಕೆ ಪ್ರತಿಯಾಗಿ ಶವಪರೀಕ್ಷೆಗೆ ಒಪ್ಪಬೇಕಿತ್ತು. 1958ರಲ್ಲಿ, ವರ್ಷಕ್ಕೊಂದು ಡಾಲರಿನ ಲೆಕ್ಕದಲ್ಲಿ, 25 ಡಾಲರು ಹಾಗೂ ಒಂದು ಪ್ರಶಸ್ತಿಪತ್ರವನ್ನು ಕೊಟ್ಟರು.

ಮೊದಲಿಗೆ ಇದು ಕೆಲವೇ ತಿಂಗಳುಗಳ ಯೋಜನೆಯಾಗಿತ್ತು. ಆ ಕಾಲದ ಚಿಕಿತ್ಸೆಯೆಂದರೆ ಆರ್ಸೆನಿಕ್ ಮತ್ತು ಪಾದರಸದ ಔಷಧಗಳು, ದೀರ್ಘಕಾಲದವು, ಅಪಾಯಕಾರಿಯಾದವು. ಅಂಥ ಚಿಕಿತ್ಸೆಯಿಂದ ಹಳೆಯ ರೋಗಿಗಳಿಗೆ ಲಾಭವುಂಟೆ ಎಂದು ಅಧ್ಯಯನದ ಸಮರ್ಥಕರು ಕೇಳುತ್ತಿದ್ದರು. ಆದರೆ 1940ರ ದಶಕದಲ್ಲಿ ಪೆನಿಸಿಲಿನ್ ಬಂದಿತು. 1947ರ ವೇಳೆಗೆ ಅದೇ ಸರ್ವಸಮ್ಮತ ಚಿಕಿತ್ಸೆಯಾಯಿತು. ಹಳೆಯ ವಾದಕ್ಕೆ ಆಧಾರವೇ ಉಳಿಯಲಿಲ್ಲ. ಆದರೂ ಟಸ್ಕೀಗಿಯವರಿಗೆ ಆ ಔಷಧವನ್ನು ನೀಡಲಿಲ್ಲ. ಬೇರೆಡೆ ಚಿಕಿತ್ಸೆ ದೊರೆಯದಂತೆಯೂ ನೋಡಿಕೊಂಡರು. ಅದೇ 1947ರಲ್ಲಿ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಅಮೆರಿಕದ ನ್ಯಾಯಾಧೀಶರು ನಾಜಿ ವೈದ್ಯರಿಗೆ ಶಿಕ್ಷೆ ವಿಧಿಸಿ, ಪ್ರಯೋಗಕ್ಕೊಳಗಾಗುವವನ ಸ್ವಂತ ಒಪ್ಪಿಗೆ ಅತ್ಯಗತ್ಯವೆಂದು ಸಾರಿದ್ದರು. ಆ ಮಾತು ಅಲಬಾಮಾವನ್ನು ಮುಟ್ಟಲಿಲ್ಲ.

ಇದು ಗುಟ್ಟಾಗಿ ನಡೆದ ಕೆಲಸವೆಂದು ಅನೇಕರು ಭಾವಿಸಿದ್ದಾರೆ. ಹಾಗಲ್ಲ. 1936ರಿಂದಲೇ ಅದರ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದವು. ಚಿಕಿತ್ಸೆ ಪಡೆಯದವರಲ್ಲಿ ಹೃದ್ರೋಗ ಇಷ್ಟು, ಮರಣ ಇಷ್ಟು ಎಂಬ ಕೋಷ್ಟಕಗಳನ್ನು ವೈದ್ಯರು ಓದಿದರು, ಪುಟ ತಿರುವಿದರು.

1964ರ ಕೊನೆಯಲ್ಲಿ ಮೂವತ್ತು ವರ್ಷಗಳ ವರದಿ ಪ್ರಕಟವಾಯಿತು. ಅದನ್ನೋದಿದ ಡೆಟ್ರಾಯ್ಟ್‌ನ ತರುಣ ಹೃದ್ರೋಗ ತಜ್ಞ ಡಾ. ಅರ್ವಿನ್ ಶಾಟ್ಸ್ 1965ರಲ್ಲಿ ಲೇಖಕರಿಗೆ ಪತ್ರ ಬರೆದು, ಪರಿಣಾಮಕಾರಿ ಚಿಕಿತ್ಸೆಯಿದ್ದೂ ರೋಗಿಗಳು ಸಾಯುವುದನ್ನು ನೋಡುತ್ತ ಕುಳಿತದ್ದು ಹೇಗೆಂದು ಪ್ರಶ್ನಿಸಿದರು. ಅವರು ಕೆನಡಾದಲ್ಲಿ ಪದವಿ ಪಡೆದು ತರಬೇತಿಗಾಗಿ ಇಲ್ಲಿಗೆ ಬಂದವರು. ಉತ್ತರ ಬರಲಿಲ್ಲ. ಇಂಥ ಪತ್ರ ಬಂದದ್ದು ಇದೇ ಮೊದಲು, ಇದಕ್ಕೆ ಉತ್ತರಿಸುವ ಉದ್ದೇಶವಿಲ್ಲ ಎಂಬ ಟಿಪ್ಪಣಿಯೊಡನೆ ಅದು ಕಡತ ಸೇರಿತ್ತೆಂಬುದು ಮುಂದೆ ಬಯಲಾಯಿತು. ಇದೇ ಮೊದಲು! ಮೂರು ದಶಕಗಳಲ್ಲಿ ಲೇಖನಿ ಎತ್ತಿದವರು ಅತಿ ವಿರಳ.

ಪ್ರಾಗ್ ನಗರದಲ್ಲಿ ಹುಟ್ಟಿದ ಪೀಟರ್ ಬಕ್ಸ್‌ಟನ್ ಇಲಾಖೆಯ ಸ್ಯಾನ್ ಫ್ರಾನ್ಸಿಸ್ಕೋ ಕಚೇರಿಯ ನೌಕರ, ವೈದ್ಯರಲ್ಲ. 1966ರಲ್ಲೂ 1968ರಲ್ಲೂ ಅವರು ಮೇಲಧಿಕಾರಿಗಳಿಗೆ ಆಕ್ಷೇಪ ಬರೆದರು. 1969ರಲ್ಲಿ ವೈದ್ಯರ ಸಮಿತಿಯೊಂದು ಸೇರಿ, ಅಧ್ಯಯನ ಮುಂದುವರಿಯಲಿ ಎಂದಿತು! ಕೊನೆಗೆ ಬಕ್ಸ್‌ಟನ್ ಪತ್ರಕರ್ತರ ಮೊರೆಹೊಕ್ಕರು. 1972ರ ಜುಲೈ 25ರಂದು ಅಸೋಸಿಯೇಟೆಡ್ ಪ್ರೆಸ್‌ನ ಜೀನ್ ಹೆಲ್ಲರ್ ಬರೆದ ವರದಿ ದೇಶಕ್ಕೆಲ್ಲ ತಿಳಿಯಿತು. ಆ ವರ್ಷವೇ ಅಧ್ಯಯನ ನಿಂತಿತು. ಅಷ್ಟರಲ್ಲಿ ರೋಗವು ಹಲವರ ಪತ್ನಿಯರಿಗೂ ಮಕ್ಕಳಿಗೂ ಅಂಟಿತ್ತು.

ಇಂದಿನ ನಿಯಮಗಳು ಬೆಳೆದದ್ದು ಬಹುಮಟ್ಟಿಗೆ ಈ ನೋವಿನಿಂದ. 1974ರಲ್ಲಿ ರಾಷ್ಟ್ರೀಯ ಸಂಶೋಧನಾ ಕಾಯಿದೆ ಬಂದಿತು. 1979ರ ಬೆಲ್ಮಾಂಟ್ ವರದಿಯು ವ್ಯಕ್ತಿಗೌರವ, ಹಿತಸಾಧನೆ, ನ್ಯಾಯ ಎಂಬ ಮೂರು ತತ್ತ್ವಗಳನ್ನು ನಿರೂಪಿಸಿತು. 1980ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ತನ್ನ ನೀತಿಯನ್ನು ಪ್ರಕಟಿಸಿತು. 1997ರ ಮೇ 16ರಂದು ಅಧ್ಯಕ್ಷ ಕ್ಲಿಂಟನ್ ದೇಶದ ಪರವಾಗಿ ಕ್ಷಮೆ ಕೇಳಿದಾಗ ಬದುಕುಳಿದಿದ್ದವರು ಎಂಟೇ ಮಂದಿ.

ಚಿಕಿತ್ಸಕನಿಗೆ ಎದುರಿಗಿರುವ ರೋಗಿ ಮುಖ್ಯ; ಸಂಶೋಧಕನಿಗೆ ನಾಳಿನ ರೋಗಿಗಳೂ ಮುಖ್ಯ. ಒಬ್ಬನೇ ವ್ಯಕ್ತಿ ಎರಡು ಪಾತ್ರಗಳನ್ನೂ ವಹಿಸಿದಾಗ ಸಂಘರ್ಷ ತಪ್ಪದು. ಸಂಶೋಧನೆ ಬೇಡವೆಂದು ನಾನು ಹೇಳುತ್ತಿಲ್ಲ. ಪೆನಿಸಿಲಿನ್ ಕೂಡ ಮನುಷ್ಯರ ಮೇಲೆ ಪರೀಕ್ಷೆಯಾಗಿಯೇ ಬಂದ ಔಷಧ. ಆದರೆ ವೈದ್ಯನನ್ನು ದೇವರಂತೆ ಕಾಣುವ ನಮ್ಮ ಹಿರಿಯರು, ಡಾಕ್ಟರು ಹೇಳಿದ ಮೇಲೆ ಮುಗಿಯಿತೆಂದು ತೋರಿಸಿದೆಡೆ ಸಹಿ ಹಾಕಿಬಿಡುತ್ತಾರೆ. ಅವರ ಪಕ್ಕದಲ್ಲಿ ಕುಳಿತು, ಇದು ಚಿಕಿತ್ಸೆಯೋ ಪ್ರಯೋಗವೋ, ಬೇಡವೆಂದರೆ ಆರೈಕೆಗೆ ಕುಂದುಂಟೇ, ನಡುವೆ ಬಿಡಬಹುದೇ ಎಂದು ಕೇಳಿ, ಉತ್ತರವನ್ನು ಕನ್ನಡದಲ್ಲಿ ತಿಳಿಸುವುದು ಮಕ್ಕಳ ಕರ್ತವ್ಯ. ಇನ್ನು ನಮ್ಮ ಮನೆಗಳಿಂದ ವೈದ್ಯವೃತ್ತಿಗೆ ಕಾಲಿಡುತ್ತಿರುವ ತರುಣ ತರುಣಿಯರಿಗೆ ನನ್ನ ಪ್ರಾರ್ಥನೆ ಒಂದೇ: ವರದಿಯ ಕೋಷ್ಟಕವನ್ನು ಓದುವಾಗ, ಆ ಅಂಕಿಗಳಲ್ಲಿರುವವರಿಗೆ ಏನನ್ನು ತಿಳಿಸಲಾಗಿತ್ತೆಂದು ಕೇಳಿರಿ. ಉತ್ತರ ಬಾರದಿದ್ದರೆ ಮತ್ತೊಮ್ಮೆ ಬರೆಯಿರಿ.